ಕೆಲಸ ಹೋದರೆ ಭತ್ಯೆ ಯಾರಿಗೆ ಉಂಟು, ಯಾರಿಗೆ ಇಲ್ಲ?

* ಇಎಸ್‌ಐ, ಪಿಎಫ್ ದಾಖಲೆ ಕೆಲಸ ಇದ್ದಾಗಲೇ ನೋಡಿಕೊಳ್ಳಿ
* ಕೇಂದ್ರದ ಸವಲತ್ತಿಗೆ ಗಡಿ ಇಲ್ಲ, ರಾಜ್ಯದ ಯೋಜನೆಗೆ ಉಂಟು

ಮಿರಜ: ಕುಪವಾಡ ಮತ್ತು ಮಿರಜ ಎಂಐಡಿಸಿಯ ಫೌಂಡ್ರಿ, ಮಶೀನ್ ಶಾಪ್, ನೂಲಿನ ಗಿರಣಿ, ಪ್ಯಾಕಿಂಗ್ ಗೋದಾಮುಗಳಲ್ಲಿ ದುಡಿಯುವವರ ಪೈಕಿ ಕನ್ನಡ ಮನೆಮಾತಿನವರು ಸಾಕಷ್ಟಿದ್ದಾರೆ. ಜತ್ತ, ಕವಠೆ ಮಹಾಂಕಾಳ, ಮಿರಜ ಪೂರ್ವ ಭಾಗದ ಹಳ್ಳಿಗಳವರು ಕೆಲವರಾದರೆ, ಕಾಗವಾಡ, ಶೇಡಬಾಳ, ಉಗಾರ ಕಡೆಯಿಂದ ದಿನಾ ಗಡಿ ದಾಟಿ ಬರುವವರು ಇನ್ನು ಕೆಲವರು. ಆರ್ಡರ್ ಕಡಿಮೆಯಾಗಿ ಒಂದು ಪಾಳಿ ನಿಂತರೆ, ಠೇಕೇದಾರ ಬದಲಾದರೆ, ಕಾರ್ಖಾನೆಗೆ ಬೀಗ ಬಿದ್ದರೆ ಮೊದಲು ಮನೆಗೆ ಹೋಗುವವರು ಇವರೇ. ಆಗ ಏಳುವ ಪ್ರಶ್ನೆ ಎಲ್ಲರದೂ ಒಂದೇ: ಕೆಲಸಾ ಅಂತೂ ಹೋತು, ಸರ್ಕಾರದಿಂದ ಏನರ ಸಿಗತೈತೇನ್ರಿ?

ಸಿಗುತ್ತದೆ, ಆದರೆ ಎಲ್ಲರಿಗೂ ಅಲ್ಲ. ಬ್ರಿಟನ್ನಿನಲ್ಲಿ 1911ರಲ್ಲಿಯೇ ನಿರುದ್ಯೋಗ ವಿಮೆಯ ಕಾನೂನು ಬಂದಿತು, ಅಮೆರಿಕದಲ್ಲಿ 1935ರಲ್ಲಿ. ನಮ್ಮ ದೇಶದಲ್ಲಿ ಬೇಕಾರ ಆದ ಪ್ರತಿಯೊಬ್ಬನಿಗೂ ತಿಂಗಳಾ ಹಣ ಕೊಡುವ ಪದ್ಧತಿ ಇಲ್ಲ. ಇರುವುದು ಕೆಲಸ ಇದ್ದಾಗ ಕಟ್ಟಿದ ವಿಮೆಯ, ಸಲ್ಲಿಸಿದ ಸೇವೆಯ ಮೇಲೆ ಬರುವ ಹಣ. ಕೆಲಸ ಹೋಗಿದೆ ಎಂದು ತೋರಿಸುವುದಷ್ಟೇ ಸಾಲದು, ಕೆಲಸ ಇತ್ತು ಎಂಬುದಕ್ಕೂ ಕಾಗದ ಬೇಕು. ಆ ಕಾಗದ ಇಲ್ಲದವನು ಹತ್ತು ವರ್ಷ ದುಡಿದಿದ್ದರೂ ಕಚೇರಿಯ ಲೆಕ್ಕದಲ್ಲಿ ದುಡಿದೇ ಇಲ್ಲ.

90 ದಿನದ ಅರ್ಧ ಪಗಾರ

ಇಎಸ್‌ಐ ಅಂದರೆ ದವಾಖಾನೆ, ಔಷಧ ಎಂದಷ್ಟೇ ಬಹಳ ಜನರ ತಿಳಿವಳಿಕೆ. ಅದರಲ್ಲಿ ಕೆಲಸ ಹೋದವರಿಗೆ ನಗದು ಪರಿಹಾರವೂ ಇದೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. 2005ರ ಏಪ್ರಿಲ್ 1ರಂದು ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ ಎಂಬ ಹೆಸರಿನಲ್ಲಿ ಇಂಥ ಭತ್ಯೆ ಮೊದಲು ಆರಂಭವಾಯಿತು. ಕಾರ್ಖಾನೆ ಮುಚ್ಚಿದವರಿಗೆ, ಕೆಲಸದಿಂದ ಕಡಿತಗೊಂಡವರಿಗೆ ಅದು ಮೀಸಲಾಗಿತ್ತು. ನಂತರ 2018ರ ಜುಲೈ 1ರಿಂದ ಅಟಲ್ ಬೀಮಿತ ವ್ಯಕ್ತಿ ಕಲ್ಯಾಣ ಯೋಜನೆ ಬಂದಿತು. ಮೊದಲು ಸರಾಸರಿ ದಿನಗಳಿಕೆಯ ಶೇ. 25ರಷ್ಟು ಇದ್ದ ಪರಿಹಾರವನ್ನು ಕೊರೊನಾ ಕಾಲದಲ್ಲಿ, 2020ರ ಮಾರ್ಚ್ 24ರಿಂದ ಅನ್ವಯವಾಗುವಂತೆ, ಶೇ. 50ಕ್ಕೆ ಏರಿಸಲಾಯಿತು. ಇದು ಜೀವಮಾನದಲ್ಲಿ ಗರಿಷ್ಠ 90 ದಿನಕ್ಕೆ ಮಾತ್ರ.

ಯೋಜನೆ ಕಾಯಂ ಅಲ್ಲ, ಕಾಲಕಾಲಕ್ಕೆ ಮುಂದುವರಿಸುತ್ತ ಬರಲಾಗಿದೆ. 2024ರಲ್ಲಿ ಮಾಡಿದ ವಿಸ್ತರಣೆ 2026ರ ಜೂನ್ 30ರವರೆಗಿನದು. ಆದ್ದರಿಂದ ಅರ್ಜಿ ಹಾಕುವ ಮುಂಚೆ ನಿಮ್ಮ ಕೆಲಸ ಹೋದ ತಾರೀಖು ಯೋಜನೆಯ ಅವಧಿಯೊಳಗೆ ಬರುತ್ತದೆಯೇ ಎಂದು ಶಾಖಾ ಕಚೇರಿಯಲ್ಲಿ ಕೇಳಿಕೊಳ್ಳಬೇಕು.

ಯಾರು ಅರ್ಹರು?

ಮೊದಲನೆಯದಾಗಿ, ಕೆಲಸ ಹೋಗುವ ಮುಂಚಿನ ಕನಿಷ್ಠ ಎರಡು ವರ್ಷ ಇಎಸ್‌ಐ ವಿಮೆಯ ಕೆಲಸದಲ್ಲಿ ಇರಬೇಕು. ಎರಡನೆಯದು, 78 ದಿನಗಳ ಲೆಕ್ಕ. ಇಎಸ್‌ಐಗೆ ವರ್ಷದಲ್ಲಿ ಎರಡು ವಂತಿಗೆ ಅವಧಿಗಳು: ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಕೆಲಸ ಹೋಗುವ ಹಿಂದಿನ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಇರಬೇಕು. ಅದರ ಹಿಂದಿನ ಮೂರು ಅವಧಿಗಳ ಪೈಕಿ ಯಾವುದಾದರೂ ಒಂದರಲ್ಲಿಯೂ 78 ದಿನ ಇರಬೇಕು.

ಉದಾಹರಣೆಗೆ, ಒಬ್ಬರ ಕೆಲಸ 2025ರ ನವೆಂಬರ್ 15ಕ್ಕೆ ಹೋಯಿತು ಎಂದುಕೊಳ್ಳೋಣ. ಅವರು 2023ರ ನವೆಂಬರ್‌ನಿಂದಲಾದರೂ ವಿಮೆಯಲ್ಲಿ ಇರಬೇಕು. 2025ರ ಏಪ್ರಿಲ್‌ನಿಂದ ಸೆಪ್ಟೆಂಬರ್ ಒಳಗೆ 78 ದಿನ ತುಂಬಿರಬೇಕು. ಅದರ ಹಿಂದಿನ ಒಂದೂವರೆ ವರ್ಷದ ಯಾವುದಾದರೂ ಒಂದು ಅವಧಿಯಲ್ಲಿ ಮತ್ತೆ 78 ದಿನ. ನಡುವೆ ಬಾಣಂತನ, ಕಾಯಿಲೆ, ಸುಗ್ಗಿ ಎಂದು ಒಂದೆರಡು ತಿಂಗಳು ಹಜೇರಿ ತಪ್ಪಿದ್ದರೂ ಇಷ್ಟು ತುಂಬಿದ್ದರೆ ಅಡ್ಡಿ ಇಲ್ಲ.

ಮೂರನೆಯದು, ಕೆಲಸ ಹೋದ ಕಾರಣ. ತಪ್ಪು ನಡತೆಗಾಗಿ ವಜಾ ಆದವರು, ವಯೋನಿವೃತ್ತರು, ಸ್ವಯಂ ನಿವೃತ್ತಿ ಪಡೆದವರು ಇದರಲ್ಲಿ ಬರುವುದಿಲ್ಲ. ಎರಡು ಕಡೆ ಕೆಲಸ ಇದ್ದವರ ಒಂದು ಕೆಲಸ ಮಾತ್ರ ಹೋದರೆ ಅವರನ್ನು ನಿರುದ್ಯೋಗಿ ಎಂದು ಎಣಿಸುವುದಿಲ್ಲ.

ಕೆಲಸ ಹೋಗಿ 30 ದಿನ ಕಳೆದ ಮೇಲೆ ಅರ್ಜಿ ಹಾಕಬಹುದು. ಮೊದಲು 90 ದಿನ ಕಾಯಬೇಕಿತ್ತು, ಅರ್ಜಿ ಮಾಲೀಕನ ಕೈದಾಟಿ ಬರಬೇಕಿತ್ತು. 2020ರ ಬದಲಾವಣೆಯ ನಂತರ ಕಾರ್ಮಿಕ ತಾನೇ ನೇರವಾಗಿ ಇಎಸ್‌ಐ ಶಾಖಾ ಕಚೇರಿಗೆ ಅರ್ಜಿ ಕೊಡಬಹುದು. ಹಣ ನೇರ ಬ್ಯಾಂಕ್ ಖಾತೆಗೆ ಬರುತ್ತದೆ. ಮಾಲೀಕರು ಸಹಿ ಕೊಡಲಿಲ್ಲ ಅಂತ ಸುಮ್ಮನೆ ಕೂಡುವ ಕಾರಣ ಈಗ ಉಳಿದಿಲ್ಲ.

ಎಷ್ಟು ಸಿಗುತ್ತದೆ?

ನಾಲ್ಕು ವಂತಿಗೆ ಅವಧಿಗಳ ಒಟ್ಟು ಗಳಿಕೆಯನ್ನು 730 ದಿನಗಳಿಂದ ಭಾಗಿಸಿ ದಿನದ ಸರಾಸರಿ ತೆಗೆಯುತ್ತಾರೆ. ಎರಡು ವರ್ಷ ತಪ್ಪದೇ ತಿಂಗಳಿಗೆ 15,000 ರೂ. ಪಗಾರ ಪಡೆದವರ ಒಟ್ಟು ಗಳಿಕೆ 3,60,000 ರೂ. ದಿನದ ಸರಾಸರಿ ಸುಮಾರು 493 ರೂ., ಅದರ ಅರ್ಧ 246 ರೂ. ಚಿಲ್ಲರೆ. 90 ದಿನಕ್ಕೆ ಹತ್ತಿರ ಹತ್ತಿರ 22,190 ರೂ. ಪಗಾರ 12,000 ಇದ್ದವರಿಗೆ ಸುಮಾರು 17,750 ರೂ. ದೊಡ್ಡ ಮೊತ್ತವಲ್ಲ. ಆದರೆ ಮೂರು ತಿಂಗಳ ಮನೆ ಬಾಡಿಗೆ, ಹುಡುಗರ ಫೀಸು, ಕಿರಾಣಿ ಅಂಗಡಿಯ ಉದ್ರಿ ಇದರಲ್ಲಿ ಸಂಭಾಳಿಸಬಹುದು. ಬಡ್ಡಿಗೆ ಸಾಲ ತೆಗೆಯುವುದು ತಪ್ಪುತ್ತದೆ.

ಔಷಧೋಪಚಾರದ ಮಾತೂ ಇದೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಿದ ವಂತಿಗೆಯ ಸವಲತ್ತು ಮುಂದಿನ ಜನವರಿಯಿಂದ ಜೂನ್‌ವರೆಗೆ ನಡೆಯುತ್ತದೆ. ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನದು ಜುಲೈಯಿಂದ ಡಿಸೆಂಬರ್‌ವರೆಗೆ. ಕೆಲಸ ಹೋದ ಮರುದಿನವೇ ಇಎಸ್‌ಐ ಕಾರ್ಡನ್ನು ಪೆಟ್ಟಿಗೆಗೆ ಹಾಕಬೇಕಾಗಿಲ್ಲ.

ಈ ವಂತಿಗೆಗಾಗಿ ಕಾರ್ಮಿಕನ ಪಗಾರದಲ್ಲಿ ಕಡಿತವಾಗುವುದು ಶೇ. 0.75 ಮಾತ್ರ. ಮಾಲೀಕರು ಶೇ. 3.25 ಹಾಕುತ್ತಾರೆ. 2019ರ ಜುಲೈ 1ರಿಂದ ಬಂದ ದರ ಇದು. 15,000 ರೂ. ಪಗಾರದವನಿಂದ ತಿಂಗಳಿಗೆ ಹೋಗುವುದು 113 ರೂ. ಅಷ್ಟೇ. ಕೈಗೆ ಬರುವ ಹಣ ಕಡಿಮೆಯಾಗುತ್ತದೆ ಎಂದು ಹೆಸರು ಹಚ್ಚುವುದೇ ಬೇಡ ಎನ್ನುವವರು ಈ ಲೆಕ್ಕವನ್ನೊಮ್ಮೆ ನೋಡಬೇಕು.

ಹೊರಗೆ ಉಳಿಯುವವರು

ತಿಂಗಳ ಪಗಾರ 21,000 ರೂ. ದಾಟಿದವರಿಗೆ ಇಎಸ್‌ಐ ಇಲ್ಲ. 2017ರ ಜನವರಿ 1ರಿಂದ ಇರುವ ಮಿತಿ ಇದು. ನಡುವೆ ಪಗಾರ ಏರಿದರೆ ಆ ವಂತಿಗೆ ಅವಧಿ ಮುಗಿಯುವವರೆಗೆ ವಿಮೆ ಮುಂದುವರಿದು ಆಮೇಲೆ ನಿಲ್ಲುತ್ತದೆ. ಹೀಗಾಗಿ ಫೋರಮನ್, ಅಕೌಂಟೆಂಟ್ ದರ್ಜೆಯ ನೌಕರರು ಈ ಭತ್ಯೆಯಿಂದ ಹೊರಗೆ.

ನಮ್ಮ ಭಾಗಕ್ಕೆ ಇನ್ನೂ ದೊಡ್ಡ ಮಾತೆಂದರೆ ಸಕ್ಕರೆ ಕಾರ್ಖಾನೆಗಳದು. ಇಎಸ್‌ಐ ಕಾನೂನು ಹಂಗಾಮಿ ಕಾರ್ಖಾನೆಗಳನ್ನು ಹೊರಗಿಡುತ್ತದೆ, ಸಕ್ಕರೆ ಮತ್ತು ಬೆಲ್ಲ ತಯಾರಿಕೆ ಆ ಪಟ್ಟಿಯಲ್ಲಿ ಹೆಸರಿಸಿಯೇ ಇದೆ. ಸಾಂಗ್ಲಿ ಜಿಲ್ಲೆಯಲ್ಲಾಗಲಿ, ಕೃಷ್ಣೆಯ ಆಚೆ ಬೆಳಗಾವಿ ಜಿಲ್ಲೆಯಲ್ಲಾಗಲಿ ಕಬ್ಬು ನುರಿಸುವ ಹಂಗಾಮು ಮುಗಿದ ಮೇಲೆ ಮನೆಯಲ್ಲಿ ಕೂಡುವ ಸಾವಿರಾರು ಕೈಗಳಿಗೆ ಈ ಯೋಜನೆ ಮುಟ್ಟುವುದಿಲ್ಲ. ಆದರೆ ಅವರಿಗೆ ಪಿಎಫ್ ಇದೆ, ಗ್ರಾಚ್ಯುಟಿಯೂ ಇದೆ. ವರ್ಷಪೂರ್ತಿ ಕೆಲಸ ಇಲ್ಲದ ಹಂಗಾಮಿ ನೌಕರರಿಗೆ ಪ್ರತಿ ಹಂಗಾಮಿಗೆ ಏಳು ದಿನದ ಪಗಾರದಂತೆ ಗ್ರಾಚ್ಯುಟಿ ಲೆಕ್ಕ ಹಾಕಬೇಕೆಂದು 1972ರ ಕಾಯ್ದೆಯಲ್ಲಿಯೇ ಹೇಳಿದೆ.

ಸಾಂಗ್ಲಿಯ ಅರಿಷಿಣ ಪೇಟೆಯ ಹಮಾಲರ ದಾರಿ ಬೇರೆ. ಅವರಿಗಾಗಿ 1969ರ ಮಹಾರಾಷ್ಟ್ರದ ಮಾಥಾಡಿ ಕಾಯ್ದೆ ಇದೆ. ಮಂಡಳಿಯಲ್ಲಿ ಹೆಸರು ನೋಂದಾಯಿಸಿದವರಿಗೆ ಪಿಎಫ್, ಗ್ರಾಚ್ಯುಟಿ ಮಂಡಳಿಯ ಮೂಲಕ ಬರುತ್ತವೆ. ನೋಂದಣಿ ಇಲ್ಲದೆ ಚೀಲ ಹೊತ್ತವರಿಗೆ ಬೆನ್ನುನೋವು ಬಿಟ್ಟರೆ ಬೇರೆ ದಾಖಲೆ ಉಳಿಯುವುದಿಲ್ಲ. ಮಿರಜದಲ್ಲಿ ಸಿತಾರ, ತಂಬೂರಿ ಮಾಡುವ ಕುಶಲಕರ್ಮಿಗಳು, ಮನೆಯಲ್ಲಿ ಹೊಲಿಗೆ ಹಾಕುವ ಹೆಣ್ಣುಮಕ್ಕಳು ಸ್ವಂತ ಉದ್ಯೋಗಿಗಳು. ಅವರಿಗೂ ಈ ಭತ್ಯೆ ಇಲ್ಲ.

ಸಹಿ ಮಾಡುವ ಮುಂಚೆ ಓದಿರಿ

'ಇಲ್ಲಿ ಒಂದ್ ಸಹಿ ಮಾಡ್ರಿ, ಹಿಶೇಬ ತಗೊಂಡ್ ಹೋಗ್ರಿ.' ಕೆಲಸದ ಕೊನೆಯ ದಿನ ಆಫೀಸಿನಲ್ಲಿ ಕೇಳಿಬರುವ ಮಾತು ಹೀಗೆಯೇ ಇರುತ್ತದೆ. ಮುಂದಿಡುವ ಕಾಗದ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ಕನ್ನಡ ಶಾಲೆಯಲ್ಲಿ ಕಲಿತವರು ಓದದೆ ಸಹಿ ಹಾಕುವುದುಂಟು. ಅದರಲ್ಲಿ 'ಸ್ವಂತ ಕಾರಣದಿಂದ ರಾಜೀನಾಮೆ ಕೊಡುತ್ತಿದ್ದೇನೆ' ಎಂದು ಬರೆದಿದ್ದರೆ ಪರಿಸ್ಥಿತಿಯೇ ಬದಲಾಗುತ್ತದೆ.

ಒಂದು ವರ್ಷ ಸತತ ಸೇವೆ, ಅಂದರೆ 12 ತಿಂಗಳಲ್ಲಿ 240 ದಿನ, ಮುಗಿಸಿದ ಕಾರ್ಮಿಕನನ್ನು ಮಾಲೀಕರು ತಾವಾಗಿ ಕಡಿತಗೊಳಿಸಿದರೆ ಒಂದು ತಿಂಗಳ ನೋಟಿಸು ಇಲ್ಲವೆ ಅಷ್ಟೇ ಪಗಾರ ಕೊಡಬೇಕು. ಜೊತೆಗೆ ಸೇವೆ ಮುಗಿಸಿದ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ಪಗಾರ ಪರಿಹಾರವಾಗಿ ಸಲ್ಲಬೇಕು. 1947ರ ಕೈಗಾರಿಕಾ ವಿವಾದ ಕಾಯ್ದೆಯಿಂದ ಬಂದ ಈ ಹಕ್ಕು 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿಯೂ ಉಳಿದಿದೆ. ಎಂಟು ವರ್ಷ ದುಡಿದವನಿಗೆ 120 ದಿನದ ಪಗಾರ. ರಾಜೀನಾಮೆ ಎಂದು ಬರೆದುಕೊಟ್ಟವನಿಗೆ ಇದು ಸೊನ್ನೆ.

ಹೊಸ ಸಂಹಿತೆಯಲ್ಲಿ ಇನ್ನೊಂದು ಬಾಬು ಸೇರಿದೆ. ಕಡಿತಗೊಂಡ ಪ್ರತಿ ಕಾರ್ಮಿಕನ ಲೆಕ್ಕದಲ್ಲಿ ಮಾಲೀಕರು 15 ದಿನದ ಪಗಾರವನ್ನು ಮರುಕೌಶಲ ನಿಧಿಗೆ ಕಟ್ಟಬೇಕು. ಅದು 45 ದಿನದೊಳಗೆ ಕಾರ್ಮಿಕನ ಖಾತೆಗೆ ಜಮಾ ಆಗಬೇಕು. ವೇತನ ಸಂಹಿತೆಯ ಪ್ರಕಾರ ಬಾಕಿ ಪಗಾರವನ್ನು ಕೆಲಸ ಬಿಟ್ಟ ಎರಡು ಕೆಲಸದ ದಿನಗಳೊಳಗೆ ತೀರಿಸಬೇಕು. 'ಮುಂದಿನ ತಿಂಗಳ ಬರ್ರಿ' ಎಂಬ ಮಾತಿಗೆ ಕಾನೂನಿನಲ್ಲಿ ಜಾಗ ಇಲ್ಲ.

ಐದು ವರ್ಷ ಸೇವೆ ಆದವರಿಗೆ ಗ್ರಾಚ್ಯುಟಿ ಬೇರೆ. ರಾಜೀನಾಮೆ ಕೊಟ್ಟರೂ ಇದು ಸಿಗುತ್ತದೆ. ಹೊಸ ಸಂಹಿತೆಯಡಿ ನಿಗದಿತ ಅವಧಿಯ ಕರಾರಿನ ನೌಕರರಿಗೆ ಒಂದು ವರ್ಷವೇ ಸಾಕು. ಮೂಲ ಪಗಾರ ಮತ್ತು ತುಟ್ಟಿಭತ್ಯೆ ಸೇರಿ 15,000 ರೂ. ಇದ್ದು ಎಂಟು ವರ್ಷ ಆಗಿದ್ದರೆ ಸುಮಾರು 69,230 ರೂ. ಆಗುತ್ತದೆ. ಇಎಸ್‌ಐ ಭತ್ಯೆಯ ಮೂರು ಪಟ್ಟು. ಭತ್ಯೆ ಕೇಳುತ್ತ ಗ್ರಾಚ್ಯುಟಿ ಮರೆಯಬಾರದು.

ಕಾಗದದ ಆಟ ಆಫೀಸಿನ ಕಂಪ್ಯೂಟರಿನಲ್ಲಿಯೂ ನಡೆಯುತ್ತದೆ. ಇಎಸ್‌ಐ ತಿಂಗಳ ವಿವರ ತುಂಬುವಾಗ ಕಾರ್ಮಿಕನ ದಿನಗಳು ಸೊನ್ನೆ ಆದರೆ ಮಾಲೀಕರು ಒಂದು ಕಾರಣ ಆರಿಸಬೇಕು. 'ಕೆಲಸ ಬಿಟ್ಟರು' ಎಂಬುದು ಒಂದು ಕಾರಣ, 'ಕಡಿತ' ಎಂಬುದು ಬೇರೊಂದು. ಯಾವುದನ್ನು ಒತ್ತಿದ್ದಾರೆ ಎಂದು ಕೇಳುವುದು ಕಾರ್ಮಿಕನ ಹಕ್ಕು. ಕಾರಣ ತಪ್ಪಿದ್ದರೆ ನೋಟಿಸು, ಗೇಟಿಗೆ ಹಚ್ಚಿದ ಸೂಚನೆಯ ಫೋಟೊ, ಮೊಬೈಲಿಗೆ ಬಂದ ಮೆಸೇಜು ಇಟ್ಟುಕೊಂಡು ಶಾಖಾ ಕಚೇರಿಗೆ ಹೋಗಬೇಕು. ಕೆಲಸದಿಂದ ತೆಗೆದ ತಕರಾರು ಇದ್ದರೆ ಸಾಂಗ್ಲಿಯ ಕಾಮಗಾರ ಆಯುಕ್ತರ ಕಚೇರಿಗೆ ತಡಮಾಡದೆ ಬರೆದುಕೊಡಬೇಕು.

ಪಿಎಫ್: ಅವಸರ ಬೇಡ

ಕೆಲಸ ಹೋದ ಕೂಡಲೇ ಪಿಎಫ್ ಪೂರ್ತಿ ತೆಗೆದುಬಿಡುವುದು ನಮ್ಮಲ್ಲಿ ರೂಢಿ. 2025ರ ಅಕ್ಟೋಬರ್ 13ರಂದು ಪಿಎಫ್ ಸಂಸ್ಥೆಯ ಕೇಂದ್ರೀಯ ಟ್ರಸ್ಟಿ ಮಂಡಳಿ ಹೊಸ ತೀರ್ಮಾನ ಮಾಡಿತು. ಕೆಲಸ ಹೋದವರು ಶೇ. 75ರಷ್ಟನ್ನು ಕೂಡಲೇ ತೆಗೆಯಬಹುದು, ಉಳಿದ ಶೇ. 25ಕ್ಕೆ 12 ತಿಂಗಳು ಕಾಯಬೇಕು ಎಂಬುದು ಅದರ ಸಾರ. ಪಿಂಚಣಿ ಭಾಗ ತೆಗೆಯಲು ಎರಡು ತಿಂಗಳ ಬದಲು 36 ತಿಂಗಳು ಎಂದೂ ತೀರ್ಮಾನವಾಯಿತು.

ಪಿಂಚಣಿ ಭಾಗದ ವಿಷಯದಲ್ಲಿ ಎಚ್ಚರ ಬೇಕು. ಮಾಲೀಕರು ಕಟ್ಟುವ ಹಣದಲ್ಲಿ ಪಗಾರದ ಶೇ. 8.33ರಷ್ಟು ಪಿಂಚಣಿಗೆ ಹೋಗುತ್ತದೆ. ಸೇವೆ ಒಟ್ಟು ಹತ್ತು ವರ್ಷ ಆದರೆ ಮಾತ್ರ ಪಿಂಚಣಿ. ಆರೇಳು ವರ್ಷಕ್ಕೆ ಕೆಲಸ ಹೋಗಿ ಆ ಹಣ ತೆಗೆದರೆ ಆ ಸೇವೆ ಅಲ್ಲಿಗೇ ಅಳಿಸಿಹೋಗುತ್ತದೆ. ತೆಗೆಯುವ ಬದಲು ಸ್ಕೀಮ್ ಸರ್ಟಿಫಿಕೇಟ್ ಪಡೆದಿಟ್ಟುಕೊಂಡರೆ ಮುಂದಿನ ಕೆಲಸದ ಸೇವೆಗೆ ಕೂಡುತ್ತದೆ. ಮಾಲೀಕರು ಬಿಟ್ಟ ತಾರೀಖು ತುಂಬದಿದ್ದರೆ ಕೊನೆಯ ವಂತಿಗೆಯ ಎರಡು ತಿಂಗಳ ನಂತರ ಸದಸ್ಯರೇ ಆನ್‌ಲೈನ್‌ನಲ್ಲಿ ತುಂಬಬಹುದು.

ಗಡಿ ಎಲ್ಲಿ ಅಡ್ಡ ಬರುತ್ತದೆ?

ದುಡಿಮೆಗಾಗಿ ಗಡಿ ದಾಟುವುದು ಈ ಭಾಗಕ್ಕೆ ಹೊಸದಲ್ಲ. ಲಕ್ಷ್ಮಣರಾವ ಕಿರ್ಲೋಸ್ಕರರು 1910ರಲ್ಲಿ ಬೆಳಗಾವಿ ಬಿಟ್ಟು ಈಗಿನ ಸಾಂಗ್ಲಿ ಜಿಲ್ಲೆಯ ಕಿರ್ಲೋಸ್ಕರವಾಡಿಗೆ ಬಂದಾಗ ಕೆಲಸಗಾರರೂ ಕುಟುಂಬ ಸಮೇತ ಜೊತೆಗೆ ಬಂದಿದ್ದರು. ಇಎಸ್‌ಐ, ಪಿಎಫ್ ಎರಡೂ ಕೇಂದ್ರದ ಕಾನೂನುಗಳು. ಕುಪವಾಡದಲ್ಲಿ ಪಡೆದ ಇಎಸ್‌ಐ ನಂಬರು ಬೆಳಗಾವಿಯ ಉದ್ಯಮಬಾಗದಲ್ಲಿಯೂ ನಡೆಯುತ್ತದೆ. ಒಂದೂವರೆ ವರ್ಷ ಅಲ್ಲಿ, ಆರು ತಿಂಗಳು ಇಲ್ಲಿ ದುಡಿದರೂ ನಂಬರು ಒಂದೇ ಇದ್ದರೆ ಎರಡು ವರ್ಷ ಕೂಡುತ್ತದೆ. ಹೊಸ ಕಡೆ ಸೇರುವಾಗ ಹಳೆಯ ನಂಬರು ಹೇಳದೆ ಹೊಸದನ್ನು ಮಾಡಿಸಿಕೊಂಡರೆ ಹಿಂದಿನ ಸೇವೆ ಮುರಿದಂತೆ.

ರಾಜ್ಯದ ಯೋಜನೆಗಳು ಹಾಗಲ್ಲ. ಕರ್ನಾಟಕದ ಯುವನಿಧಿ 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆಗೊಂಡಿತು. ಪದವೀಧರರಿಗೆ ತಿಂಗಳಿಗೆ 3,000 ರೂ., ಡಿಪ್ಲೊಮಾದವರಿಗೆ 1,500 ರೂ., ಗರಿಷ್ಠ ಎರಡು ವರ್ಷ. ಆದರೆ ಅದು ಓದು ಮುಗಿಸಿ 180 ದಿನ ಕಳೆದರೂ ಕೆಲಸ ಸಿಗದವರಿಗೆ, ಕೆಲಸ ಕಳೆದುಕೊಂಡವರಿಗಲ್ಲ. ಕರ್ನಾಟಕದ ನಿವಾಸಿಯಾಗಿರಬೇಕು, ಅಲ್ಲಿ ಕನಿಷ್ಠ ಆರು ವರ್ಷ ಓದಿರಬೇಕು. ಜತ್ತ ತಾಲೂಕಿನ ಕನ್ನಡ ಶಾಲೆಯಲ್ಲಿ ಕಲಿತು ಸಾಂಗ್ಲಿಯಲ್ಲಿ ಪದವಿ ಪಡೆದ ಹುಡುಗನಿಗೆ ಮಾತೃಭಾಷೆ ಕನ್ನಡ ಎಂಬ ಕಾರಣಕ್ಕೆ ಅದು ಸಿಗುವುದಿಲ್ಲ. ಮಹಾರಾಷ್ಟ್ರ 2024ರಲ್ಲಿ ಆರಂಭಿಸಿದ ಮುಖ್ಯಮಂತ್ರಿ ಯುವ ಕಾರ್ಯ ಪ್ರಶಿಕ್ಷಣ ಯೋಜನೆಯೂ ಈ ರಾಜ್ಯದ ನಿವಾಸಿ ಯುವಕರಿಗೆ ಮಾತ್ರ. ಅದೂ ತರಬೇತಿಯ ವಿದ್ಯಾವೇತನವೇ ಹೊರತು ಬೇಕಾರ ಭತ್ಯೆಯಲ್ಲ.

ಭಾಷೆಯ ಗಡಿ ಹೆಚ್ಚು ಕಾಡುವುದು ಹೆಸರಿನಲ್ಲಿ. ಶಾಲೆಯ ದಾಖಲೆ ಕನ್ನಡದಲ್ಲಿ, ರೇಷನ್ ಕಾರ್ಡು ಮರಾಠಿಯಲ್ಲಿ, ಆಧಾರ್ ಇಂಗ್ಲಿಷಿನಲ್ಲಿ. ಒಂದು ಕಡೆ ಮಲ್ಲಪ್ಪ, ಇನ್ನೊಂದು ಕಡೆ ಮಲಪಾ. ಒಂದರಲ್ಲಿ ಅಡ್ಡಹೆಸರು ಮೊದಲು, ಇನ್ನೊಂದರಲ್ಲಿ ಕೊನೆಗೆ. ಆಧಾರ್, ಬ್ಯಾಂಕ್ ಪಾಸ್‌ಬುಕ್, ಇಎಸ್‌ಐ, ಪಿಎಫ್ ನಾಲ್ಕರಲ್ಲಿಯೂ ಹೆಸರು, ಹುಟ್ಟಿದ ತಾರೀಖು ಒಂದೇ ಇರದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಕೆಲಸ ಹೋದ ಮೇಲೆ ತಿದ್ದಿಸಲು ಮಾಲೀಕರ ಬಾಗಿಲು ತಟ್ಟುವುದಕ್ಕಿಂತ ಕೆಲಸದಲ್ಲಿದ್ದಾಗಲೇ ತಿದ್ದಿಸುವುದು ಸಲೀಸು.

ಭತ್ಯೆಯ ವಿಚಾರ ಹುಟ್ಟಿದ ಜಿಲ್ಲೆ

ಹಳ್ಳಿಗರಿಗೆ 'ಕೆಲಸ ಕೊಡಿ, ಇಲ್ಲವೆ ಭತ್ಯೆ ಕೊಡಿ' ಎಂಬ ವಿಚಾರಕ್ಕೆ ರೂಪ ಬಂದದ್ದು ಇದೇ ಜಿಲ್ಲೆಯಲ್ಲಿ. ಮಹಾರಾಷ್ಟ್ರ ವಿಧಾನ ಪರಿಷತ್ತಿನ ಸಭಾಪತಿಯಾಗಿದ್ದ ವಿ. ಸ. ಪಾಗೆ ಅವರು 1965ರಲ್ಲಿ ತಾಸಗಾವ ತಾಲೂಕಿನ ವಿಸಾಪುರದಲ್ಲಿ ಉದ್ಯೋಗ ಖಾತ್ರಿಯ ಪ್ರಯೋಗ ಮಾಡಿದರು. ಬರಗಾಲದ ದಿನಗಳಲ್ಲಿ, 1972ರಲ್ಲಿ, ಅದು ರಾಜ್ಯದ ಯೋಜನೆಯಾಯಿತು. 1977ರಲ್ಲಿ ಕಾಯ್ದೆಯಾಗಿ 1979ರ ಜನವರಿ 26ರಿಂದ ಜಾರಿಗೆ ಬಂದಿತು. 15 ದಿನದಲ್ಲಿ ಕೆಲಸ ಸಿಗದಿದ್ದರೆ ದಿನಕ್ಕೆ ಕನಿಷ್ಠ ಒಂದು ರೂಪಾಯಿ ಭತ್ಯೆ ಎಂದು ಅದರಲ್ಲಿತ್ತು. ಅದೇ ತತ್ವ 2005ರ ರಾಷ್ಟ್ರೀಯ ಕಾಯ್ದೆಗೆ ಹೋಯಿತು. ಅದರ ಜಾಗಕ್ಕೆ 125 ದಿನಗಳ ಹೊಸ ಕಾಯ್ದೆಯನ್ನು ಸಂಸತ್ತು 2025ರ ಡಿಸೆಂಬರ್‌ನಲ್ಲಿ ಅಂಗೀಕರಿಸಿತು. 15 ದಿನದ ಮಾತು ಅಲ್ಲಿಯೂ ಉಳಿದಿದೆ. ಆದರೆ ಕೆಲಸ ಕೇಳಿದ ಅರ್ಜಿಗೆ ಗ್ರಾಮ ಪಂಚಾಯತಿಯಿಂದ ತಾರೀಖು ಹಾಕಿದ ಪೋಚು ಪಡೆಯದಿದ್ದರೆ 15 ದಿನ ಎಣಿಸುವುದು ಎಲ್ಲಿಂದ? ಕಾರ್ಖಾನೆ ಇರಲಿ, ಹೊಲದ ಬದುವಿನ ಕೆಲಸ ಇರಲಿ, ಭತ್ಯೆ ನಿಲ್ಲುವುದು ಕಾಗದದ ಮೇಲೆಯೇ.

ಕೆಲಸದಲ್ಲಿದ್ದಾಗಲೇ ಮಾಡಬೇಕಾದ್ದು

* ಹತ್ತು ಅಂಕಿಯ ಇಎಸ್‌ಐ ನಂಬರು, ಹನ್ನೆರಡು ಅಂಕಿಯ ಪಿಎಫ್ ಯುಎಎನ್ ನಂಬರು ಮನೆಯಲ್ಲಿ ಬರೆದಿಡಿ. ಮನೆಯವರಿಗೂ ಗೊತ್ತಿರಲಿ.

* ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ ಒಮ್ಮೆ ವಂತಿಗೆಯ ದಿನಗಳನ್ನು ಮೊಬೈಲಿನಲ್ಲಿ ನೋಡಿ. 78 ತುಂಬಿದೆಯೇ ಎಣಿಸಿ.

* ಪಗಾರ ಚೀಟಿ ಎಸೆಯಬೇಡಿ. ಚೀಟಿಯಲ್ಲಿ ಕಡಿತ ತೋರಿಸಿ ಇಎಸ್‌ಐಗೆ ಕಟ್ಟದೆ ಇದ್ದರೆ ಆ ಚೀಟಿಯೇ ನಿಮ್ಮ ಸಾಕ್ಷಿ. ಮಾಲೀಕರು ಕಟ್ಟದ ಹಣವನ್ನು ಅವರಿಂದ ವಸೂಲಿ ಮಾಡುವ ಅಧಿಕಾರ ಇಎಸ್‌ಐ ನಿಗಮಕ್ಕಿದೆ.

* ಠೇಕೇದಾರ ಬದಲಾದಾಗ ಹಳೆಯ ನಂಬರೇ ಮುಂದುವರಿಯಲಿ.

* ಓದಲು ಬಾರದ ಭಾಷೆಯ ಕಾಗದಕ್ಕೆ ಅದೇ ದಿನ ಸಹಿ ಬೇಡ. ಒಂದು ಪ್ರತಿ ಕೇಳಿ ಪಡೆದು, ಮರಾಠಿ ಬಲ್ಲ ನೆರೆಯವರಿಂದ ಓದಿಸಿಕೊಳ್ಳಿ.

* ಇಎಸ್‌ಐ ಶುಲ್ಕರಹಿತ ದೂರವಾಣಿ: 1800-11-2526.

ಕೆಲಸ ಹೋದವರ ಮನೆಯಲ್ಲಿ ಮೊದಲ ತಿಂಗಳು ಹೇಗೋ ಕಳೆಯುತ್ತದೆ, ಎರಡನೆಯ ತಿಂಗಳಿಗೆ ಬಂಗಾರ ಅಡವಿಗೆ ಹೋಗುತ್ತದೆ. 30 ದಿನ ಕಳೆದ ಕೂಡಲೇ ಅರ್ಜಿ ಹಾಕಲು ಬರುವಂತಿದ್ದರೆ ಆ ಬಂಗಾರ ಮನೆಯಲ್ಲೇ ಉಳಿದೀತು. ಅದಕ್ಕೆ ಬೇಕಾದ 78 ದಿನಗಳು ಮಾತ್ರ ಇಂದಿನ ಹಜೇರಿಯಲ್ಲಿಯೇ ತುಂಬಬೇಕು.